ಹೆಸರಿನ ಬೇರುಗಂಟು ದಿಬ್ಬದಲ್ಲಿ ಕೆಂಪು, ತಗ್ಗಿನಲ್ಲಿ ಹಸಿರು: ಯಾಕೆ?

ಪ್ರಶ್ನೆ: ನಮ್ಮದು ಗದಗ ತಾಲ್ಲೂಕಿನಲ್ಲಿ ಎರಿ ಹೊಲ. ಮುಂಗಾರಿಗೆ ಹೆಸರು ಬಿತ್ತಿದ್ದೆವು. ಹೂ ಬಿಡುವ ಹೊತ್ತಿಗೆ ನಾಲ್ಕೈದು ಗಿಡ ಕಿತ್ತು ಬೇರುಗಂಟು ಸೀಳಿ ನೋಡಿದೆ. ದಿಬ್ಬದ ಕಡೆಯ ಗಿಡಗಳಲ್ಲಿ ಗಂಟಿನ ಒಳಗೆ ರಕ್ತದಂಥ ಕೆಂಪು. ತಗ್ಗಿನಲ್ಲಿ ಮಳೆನೀರು ನಾಲ್ಕು ದಿನ ನಿಂತಿತ್ತು. ಗಿಡ ಹಳದಿಯಾಯಿತೆಂದು ಅಪ್ಪ ಅಲ್ಲಿ ಒಂದು ಚೀಲ ಯೂರಿಯಾ ಎರಚಿದ್ದರು. ಅಲ್ಲಿನ ಗಂಟುಗಳು ಒಳಗೆ ಹಸಿರು, ಕೆಲವು ಕಂದು. ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಹಾಳಾಗುತ್ತದೆ ಎಂದು ಪಾಠದಲ್ಲಿದೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲೇಬೇಕಲ್ಲ? ಒಂದೇ ಗಂಟಿನಲ್ಲಿ ಎರಡೂ ಹೇಗೆ ನಡೆಯುತ್ತವೆ? ಹಸಿರಾದ ಗಂಟು ಸತ್ತಂತೆಯೇ? ಮುಂದಿನ ಸಲ ಏನು ಮಾಡಬೇಕು?

ಉತ್ತರ: ನೀವು ಗಂಟನ್ನು ಸೀಳಿ ನೋಡಿದ್ದೀರಿ. ಅದೇ ನನಗೆ ಬಹಳ ಖುಷಿ ಕೊಟ್ಟಿತು. ಎಲೆ ನೋಡುವವರು ಎಷ್ಟೋ ಜನ. ಬೇರು ಕಿತ್ತು ನೋಡುವವರು ಕಡಿಮೆ. ಕಿತ್ತರೂ ಗಂಟು ಎಣಿಸಿ ಬಿಟ್ಟುಬಿಡುತ್ತಾರೆ. ಒಳಗಿನ ಬಣ್ಣದಲ್ಲೇ ಎಲ್ಲ ಇದೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಬೇಕಿದ್ದರೆ ಮೊದಲ ಪ್ರಶ್ನೆ ಬಿಡಿಸಬೇಕು. ಹಾಗಾಗಿ ಸ್ವಲ್ಪ ದೂರದಿಂದ ಬರುತ್ತೇನೆ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಗಿಡ ಅದರಲ್ಲೇ ಮುಳುಗಿ ನಿಂತಿರುತ್ತದೆ, ಆದರೂ ಅದನ್ನು ಬಳಸಲು ಆಗುವುದಿಲ್ಲ. ಎರಡು ಸಾರಜನಕ ಪರಮಾಣುಗಳು ಅಷ್ಟು ಬಿಗಿಯಾಗಿ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸುವ ಕಿಣ್ವ ನೈಟ್ರೋಜಿನೇಸ್. ಅದು ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾದ ಹತ್ತಿರ ಇದೆ, ಗಿಡದ ಹತ್ತಿರ ಇಲ್ಲ. ಅದರ ಹೊಟ್ಟೆಯೊಳಗೆ ಕಬ್ಬಿಣ, ಗಂಧಕ, ಮಾಲಿಬ್ಡಿನಂ ಸೇರಿ ಮಾಡಿದ ಸಣ್ಣ ಗೊಂಚಲುಗಳಿವೆ. ಕೆಲಸ ಮಾಡುವುದು ಆ ಗೊಂಚಲುಗಳೇ. ಆಮ್ಲಜನಕ ಬಂದು ತಾಗಿದರೆ ಅವು ಕಳಚಿ ಬೀಳುತ್ತವೆ. ಈ ಕಿಣ್ವ ಎರಡು ತುಂಡುಗಳ ಜೋಡಿ. ಅದರಲ್ಲಿ ಸಣ್ಣದಾದ ಕಬ್ಬಿಣದ ತುಂಡನ್ನು ಹೊರತೆಗೆದು ಗಾಳಿಗೆ ಇಟ್ಟರೆ ಒಂದು ನಿಮಿಷದೊಳಗೆ ಅರ್ಧಕ್ಕಿಂತ ಜಾಸ್ತಿ ಹಾಳಾಗಿರುತ್ತದೆ. ದೊಡ್ಡ ತುಂಡು ಹತ್ತು ನಿಮಿಷದ ತನಕ ತಡೆದೀತು. ಹಾಳಾದದ್ದು ಮತ್ತೆ ಸರಿಹೋಗುವುದಿಲ್ಲ. ಹೊಸದಾಗಿ ಕಟ್ಟಬೇಕು.

ಇನ್ನೊಂದು ಕಡೆ ಖರ್ಚು ನೋಡಿ. ಒಂದು ಸಾರಜನಕ ಅಣು ಒಡೆದು ಎರಡು ಅಮೋನಿಯಾ ಮಾಡಲು ಕನಿಷ್ಠ 16 ಎಟಿಪಿ (ಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು) ಬೇಕು. ಅಷ್ಟು ಎಟಿಪಿ ಬೇಕೆಂದರೆ ಬ್ಯಾಕ್ಟೀರಿಯಾ ಜೋರಾಗಿ ಉಸಿರಾಡಬೇಕು. ಉಸಿರಾಟಕ್ಕೆ ಆಮ್ಲಜನಕ ಬೇಕು. ನೀವು ಕೇಳಿದ್ದು ಇದನ್ನೇ ಅಲ್ವಾ? ಒಲೆ ಉರಿಯಬೇಕು, ಒಲೆಯ ಪಕ್ಕದಲ್ಲಿಟ್ಟ ಹತ್ತಿಗೆ ಕಿಡಿ ತಾಗಬಾರದು.

ಗಿಡ ಇದನ್ನು ನಡೆಸುವ ರೀತಿ ಹೀಗೆ. ಗಂಟಿನ ಸಿಪ್ಪೆಯ ಒಳಗೆ, ಬ್ಯಾಕ್ಟೀರಿಯಾ ತುಂಬಿದ ಭಾಗದ ಸುತ್ತ, ಒತ್ತೊತ್ತಾಗಿ ಕೂತ ಕೋಶಗಳ ಒಂದು ಪದರವಿದೆ. ಆ ಕೋಶಗಳ ನಡುವಿನ ಸಂದಿಗಳು ಬಹಳ ಕಿರಿದು, ಬಹುತೇಕ ನೀರು ತುಂಬಿದವು. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಹಾಗಾಗಿ ತೆಳ್ಳಗಿನ ನೀರಿನ ಪದರವೇ ಗೋಡೆಯ ಕೆಲಸ ಮಾಡುತ್ತದೆ. ಈ ಗೋಡೆ ಒಂದೇ ಸಮ ಇರುವುದಿಲ್ಲ. ಎಲೆಯಿಂದ ಸಕ್ಕರೆ ಚೆನ್ನಾಗಿ ಬರುತ್ತಿದ್ದರೆ ಸ್ವಲ್ಪ ಸಡಿಲ ಬಿಡುತ್ತದೆ. ಸಕ್ಕರೆ ಕಡಿಮೆಯಾದರೆ ಬಿಗಿಯಾಗುತ್ತದೆ. ಒಳಗೆ ಉರಿಸಲು ಸಕ್ಕರೆಯೇ ಇಲ್ಲದಾಗ ಆಮ್ಲಜನಕ ಬಂದರೆ ಅದು ಸುಮ್ನೆ ಉಳಿದು ಕಿಣ್ವವನ್ನು ಕೆಡಿಸುತ್ತದೆ. ಅದಕ್ಕೇ ಬಾಗಿಲು ಮುಚ್ಚುತ್ತದೆ.

ಆದರೆ ಇಷ್ಟು ಬಿಗಿ ಮಾಡಿದರೆ ಒಳಗಿನ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಮುಟ್ಟುವುದು ಹೇಗೆ? ಇಲ್ಲಿ ನೀವು ನೋಡಿದ ಕೆಂಪು ಬರುತ್ತದೆ. ಅದು ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನಂಟಸ್ತ. ಬಣ್ಣ ಕೊಡುವ ಅದೇ ಹೀಮ್ ಎಂಬ ತುಂಡು, ಅದರ ನಡುವೆ ಅದೇ ಕಬ್ಬಿಣ. 1939ರಲ್ಲಿ ಜಪಾನಿನ ಕುಬೋ ಎಂಬ ವಿಜ್ಞಾನಿ ಸೋಯಾ ಅವರೆಯ ಗಂಟಿನಲ್ಲಿರುವ ಕೆಂಪು ಹಿಮೋಗ್ಲೋಬಿನ್ನೇ ಎಂದು ತೋರಿಸಿದರು. ರಕ್ತದಂಥ ಕೆಂಪು ಎಂದು ನೀವು ಬರೆದದ್ದು ಬರೀ ಹೋಲಿಕೆ ಅಲ್ಲ, ವಿಷಯವೇ ಅದು.

ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ನಲ್ಲಿಗೆ ನೀರು ಬರುವುದೇ ಎಷ್ಟೋ ದಿನಕ್ಕೊಮ್ಮೆ. ಬಂದಾಗ ಮನೆಮಂದಿಯೆಲ್ಲ ಸಾಲಾಗಿ ನಿಂತು ಕೊಡ ಕೈಯಿಂದ ಕೈಗೆ ದಾಟಿಸಿ ಒಳಗೆ ತುಂಬಿಸುತ್ತಾರೆ. ಎಷ್ಟೊಂದು ನೀರು ಒಳಗೆ ಹೋಗುತ್ತದೆ, ಆದರೆ ಹನಿಯೂ ಚೆಲ್ಲುವುದಿಲ್ಲ. ಲೆಗ್‌ಹಿಮೋಗ್ಲೋಬಿನ್ ಮಾಡುವುದು ಇದನ್ನೇ. ಆಮ್ಲಜನಕವನ್ನು ಹಿಡಿದು, ಒಬ್ಬರಿಂದೊಬ್ಬರಿಗೆ ದಾಟಿಸಿ, ಬ್ಯಾಕ್ಟೀರಿಯಾದ ಬಾಗಿಲಲ್ಲಿ ಬಿಡುತ್ತದೆ. ಸಾಗುವ ಆಮ್ಲಜನಕ ಬಹಳ, ಬಿಡಿಯಾಗಿ ಉಳಿಯುವುದು ಇಲ್ಲವೆಂಬಷ್ಟು ಕಡಿಮೆ. ಗಾಳಿಗೆ ತೆರೆದಿಟ್ಟ ನೀರಿನ ಒಂದು ಲೀಟರಿನಲ್ಲಿ ಸುಮಾರು 250 ಮೈಕ್ರೋಮೋಲ್ ಆಮ್ಲಜನಕ ಕರಗಿರುತ್ತದೆ. ಗಂಟಿನ ನಡುಭಾಗದಲ್ಲಿ ಅಷ್ಟೇ ಜಾಗಕ್ಕೆ ಹತ್ತಾರು ನ್ಯಾನೋಮೋಲ್ ಮಾತ್ರ. ಅಂದರೆ ಸಾವಿರಾರು ಪಟ್ಟು ಕಡಿಮೆ. ಅಷ್ಟು ಕಡಿಮೆಯಲ್ಲೂ ಉಸಿರಾಡಬಲ್ಲ ವಿಶೇಷ ಕಿಣ್ವವನ್ನು ಬ್ಯಾಕ್ಟೀರಿಯಾ ಗಂಟಿನೊಳಗೆ ಬಂದ ಮೇಲೆ ತಯಾರು ಮಾಡಿಕೊಳ್ಳುತ್ತದೆ.

2005ರಲ್ಲಿ ಲೋಟಸ್ ಎಂಬ ಸಣ್ಣ ದ್ವಿದಳ ಗಿಡದಲ್ಲಿ (ನಮ್ಮ ಕಮಲ ಅಲ್ಲ) ಲೆಗ್‌ಹಿಮೋಗ್ಲೋಬಿನ್ ತಯಾರಾಗದಂತೆ ತಡೆದು ನೋಡಿದರು. ಗಂಟುಗಳು ಬಂದವು. ಒಳಗೆ ಬ್ಯಾಕ್ಟೀರಿಯಾವೂ ಇತ್ತು. ಸಾರಜನಕ ಮಾತ್ರ ಹಿಡಿಯಲಿಲ್ಲ. ಬಿಡಿ ಆಮ್ಲಜನಕ ಏರಿತ್ತು, ನೈಟ್ರೋಜಿನೇಸ್ ಮಾಯವಾಗಿತ್ತು. ಗಂಟು ಎಣಿಸಿದರೆ ಸಾಲದು, ಸೀಳಿ ನೋಡಿ ಎಂದು ನಾವು ಹೇಳುತ್ತಾ ಬರುವುದು ಇದಕ್ಕೇ.

ಸಾಮಾನ್ಯವಾಗಿ ಪಾಠ ಇಲ್ಲಿಗೆ ಮುಗಿಯುತ್ತದೆ. ನಿಮ್ಮ ತಗ್ಗಿನ ಗಂಟು ಹಸಿರಾದ ಕಥೆ ಶುರುವಾಗುವುದು ಇಲ್ಲಿಂದಲೇ. ಕಾಪಾಡುವ ಆ ಕೆಂಪೇ ವಿಷವನ್ನೂ ಹುಟ್ಟಿಸುತ್ತದೆ.

ಹೇಗೆಂದರೆ, ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕ ಹಿಡಿದುಕೊಂಡು ಕೂತಾಗ ಎಲ್ಲ ಸಲವೂ ಅದನ್ನು ಇದ್ದ ಹಾಗೇ ಬಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಕಬ್ಬಿಣದಿಂದ ಒಂದು ಎಲೆಕ್ಟ್ರಾನ್ ಜಾರಿ ಆಮ್ಲಜನಕಕ್ಕೆ ಅಂಟಿಕೊಂಡುಬಿಡುತ್ತದೆ. ಹೊರಗೆ ಬರುವುದು ಬರೀ ಆಮ್ಲಜನಕ ಅಲ್ಲ, ಸೂಪರ್‌ಆಕ್ಸೈಡ್. ಹಿಂದೆ ಉಳಿದ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡಿದೆ. ಅದು ಇನ್ನು ಆಮ್ಲಜನಕ ಹಿಡಿಯಲಾರದು. ಬಣ್ಣವೂ ಕೆಂಪಿನಿಂದ ಕಂದಿಗೆ ತಿರುಗುತ್ತದೆ. ಗಂಟಿನ ತುಂಬ ಲೆಗ್‌ಹಿಮೋಗ್ಲೋಬಿನ್ನೇ ಇರುವಾಗ ಈ ಜಾರುವಿಕೆ ಸಣ್ಣದಾದರೂ ಒಟ್ಟು ಮೊತ್ತ ದೊಡ್ಡದಾಗುತ್ತದೆ.

ನಾನು ಕಲಿಯುತ್ತಿದ್ದಾಗ ಒಂದು ಮಧ್ಯಾಹ್ನ ಧಾರವಾಡದ ಹತ್ತಿರದ ಹೊಲದಿಂದ ಹೆಸರಿನ ಗಿಡ ಕಿತ್ತು ತಂದಿದ್ದೆ. ಗಂಟುಗಳನ್ನು ಬಿಡಿಸಿ, ಬ್ಲೇಡಿನಿಂದ ಸೀಳಿ, ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟೆ. ಎಷ್ಟು ಚಂದದ ಕೆಂಪು. ಊಟ ಮಾಡಿ ಬರುವಷ್ಟರಲ್ಲಿ ಎಲ್ಲ ಕಂದಾಗಿತ್ತು. ನನಗೆ ಅಳು ಬಂದಿತ್ತು. ಆಮೇಲೆ ತಿಳಿಯಿತು, ಗಂಟು ಅರೆಯುವವರು ಮಂಜುಗಡ್ಡೆಯ ಮೇಲೆ ಇಟ್ಟುಕೊಂಡು, ಅರೆಯುವ ದ್ರಾವಣಕ್ಕೆ ವಿಟಮಿನ್ ಸಿ ಹಾಕಿಕೊಳ್ಳುತ್ತಾರೆ ಅಂತ. ಯಾಕೆ ವಿಟಮಿನ್ ಸಿ ಎಂದು ಕೇಳಿದ್ದೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ಸೂಪರ್‌ಆಕ್ಸೈಡ್ ಹೆಚ್ಚು ಹೊತ್ತು ಹಾಗೇ ಉಳಿಯುವುದಿಲ್ಲ. ಎರಡು ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಗಾಯ ತೊಳೆಯಲು ಹಾಕಿದಾಗ ನೊರೆ ಬರುವ ದ್ರವ ಇದೆಯಲ್ಲ, ಅದೇ. ಗಂಟಿನಲ್ಲಿ ಅದು ಲೆಗ್‌ಹಿಮೋಗ್ಲೋಬಿನ್ ಮೇಲೆಯೇ ತಿರುಗಿ ಬೀಳುತ್ತದೆ. ಜಾಸ್ತಿಯಾದರೆ ಹೀಮ್ ಒಡೆದು ಒಳಗಿನ ಕಬ್ಬಿಣ ಸಡಿಲವಾಗಿ ಹೊರಗೆ ಬೀಳುತ್ತದೆ. ಇದೇ ಎಲ್ಲಕ್ಕಿಂತ ಕೆಟ್ಟ ಗಳಿಗೆ. ಸಡಿಲ ಕಬ್ಬಿಣ ಮತ್ತು ಪೆರಾಕ್ಸೈಡ್ ಎದುರಾದರೆ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತದೆ. ಅದಕ್ಕೆ ಇಂಥದ್ದೇ ಬೇಕೆಂದಿಲ್ಲ. ಪಕ್ಕದಲ್ಲಿ ಏನಿದೆಯೋ ಅದನ್ನೇ ಕಚ್ಚುತ್ತದೆ: ಕೋಶದ ಪೊರೆ, ಪ್ರೋಟೀನು, ಡಿಎನ್‌ಎ. ಅದನ್ನು ತಡೆಯುವ ಕಿಣ್ವ ಯಾವ ಜೀವಿಯಲ್ಲೂ ಇಲ್ಲ. ಹುಟ್ಟದಂತೆ ನೋಡಿಕೊಳ್ಳುವುದೊಂದೇ ದಾರಿ.

ಗಂಟೆಂದರೆ ಗಿಡದಲ್ಲೇ ಕಬ್ಬಿಣ ಅತಿ ಜಾಸ್ತಿ ಕೂಡಿಟ್ಟ ಜಾಗಗಳಲ್ಲಿ ಒಂದು. ಅಲ್ಲೇ ಜೋರು ಉಸಿರಾಟ. ಹಾಗಾಗಿ ಅಲ್ಲಿನ ಕಾವಲೂ ಬಹಳ ಗಟ್ಟಿ.

ಮೊದಲ ಸಾಲಿನಲ್ಲಿ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ನಿಂತಿರುತ್ತದೆ. ಸೂಪರ್‌ಆಕ್ಸೈಡನ್ನು ಬೇಗ ಪೆರಾಕ್ಸೈಡ್ ಮಾಡುತ್ತದೆ. ಬಾಣಲೆಯಿಂದ ಬೆಂಕಿಗೆ ಹಾಕಿದ ಹಾಗಾಯಿತಲ್ಲ ಅನ್ನಿಸಬಹುದು. ಆದರೆ ಪೆರಾಕ್ಸೈಡನ್ನು ಹಿಡಿಯಲು ಹಿಂದೆಯೇ ಎರಡು ಕೈಗಳಿವೆ. ಒಂದು ಕೆಟಲೇಸ್. ಪೆರಾಕ್ಸೈಡ್ ತುಂಬ ಇದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಇನ್ನೊಂದು ಆಸ್ಕಾರ್ಬೇಟ್ ಪೆರಾಕ್ಸಿಡೇಸ್. ಇದು ಬಹಳ ಸಣ್ಣ ಪ್ರಮಾಣವನ್ನೂ ಬಿಡದೆ ಹುಡುಕಿ ಹಿಡಿಯುತ್ತದೆ. ಸೋಯಾ ಅವರೆಯ ಗಂಟಿನಲ್ಲಿ ಕರಗುವ ಪ್ರೋಟೀನಿನಲ್ಲಿ ನೂರಕ್ಕೆ ಹತ್ತಿರಹತ್ತಿರ ಒಂದು ಪಾಲು ಇದೊಂದೇ ಕಿಣ್ವ ಎಂದು 1987ರಲ್ಲಿ ಅಳೆದು ತೋರಿಸಿದ್ದಾರೆ. ಸಾವಿರಾರು ಬಗೆಯ ಪ್ರೋಟೀನು ಇರುವ ಕಡೆ ಒಂದಕ್ಕೇ ಅಷ್ಟು ಪಾಲು ಕೊಟ್ಟಿದೆ ಎಂದರೆ ಗಿಡಕ್ಕೆ ಅದರ ಅಗತ್ಯ ಎಷ್ಟಿರಬೇಕು ನೋಡಿ.

ಈ ಕಿಣ್ವಕ್ಕೆ ಬೇಕಾದದ್ದೇ ಆಸ್ಕಾರ್ಬೇಟ್, ಅಂದರೆ ವಿಟಮಿನ್ ಸಿ. ನೆಲ್ಲಿಕಾಯಿಯಲ್ಲಿ, ನಿಂಬೆಯಲ್ಲಿ ಇರುವುದೇ. ವಿಟಮಿನ್ ಸಿ ತನ್ನ ಎಲೆಕ್ಟ್ರಾನ್ ಕೊಟ್ಟು ಪೆರಾಕ್ಸೈಡನ್ನು ನೀರು ಮಾಡುತ್ತದೆ. ಕೊಟ್ಟ ಮೇಲೆ ತಾನು ಬರಿಗೈ. ಅದಕ್ಕೆ ಮತ್ತೆ ತುಂಬಿಕೊಡುವುದು ಗ್ಲುಟಾಥಯೋನ್ ಎಂಬ ಗಂಧಕವಿರುವ ಸಣ್ಣ ಅಣು. ಅದೂ ಬರಿಗೈಯಾದರೆ ಅದಕ್ಕೆ ಕೊಡುವುದು ಎಲೆಕ್ಟ್ರಾನ್ ಹೊತ್ತು ತರುವ ಎನ್‌ಎಡಿಪಿಎಚ್ ಎಂಬ ಅಣು. ಎನ್‌ಎಡಿಪಿಎಚ್ ಎಲ್ಲಿಂದ? ಎಲೆ ಕಳಿಸಿದ ಸಕ್ಕರೆಯಿಂದ. ಈ ಸರಪಳಿಯ ಕೊನೆಯ ಕೊಂಡಿಯನ್ನು ನೆನಪಿಡಿ. ನಿಮ್ಮ ತಗ್ಗಿನಲ್ಲಿ ತುಂಡಾದದ್ದು ಅದೇ.

ನಿಮ್ಮ ಬೆಳೆಯ ಬಗ್ಗೆಯೇ ಒಂದು ಸಂಗತಿ ಹೇಳಬೇಕು. ಹೆಸರಿನಲ್ಲಿ ಗ್ಲುಟಾಥಯೋನ್ ಜಾಗದಲ್ಲಿ ಅದರ ತಮ್ಮನಂಥ ಇನ್ನೊಂದು ಅಣು ಆ ಕೆಲಸ ನೋಡಿಕೊಳ್ಳುತ್ತದೆ. ಹೋಮೋಗ್ಲುಟಾಥಯೋನ್ ಎಂದು ಹೆಸರು. ಮೂರು ತುಂಡುಗಳಲ್ಲಿ ಕೊನೆಯದು ಗ್ಲೈಸಿನ್ ಬದಲು ಬೀಟಾ-ಅಲನಿನ್, ಅಷ್ಟೇ ವ್ಯತ್ಯಾಸ. 1963ರಲ್ಲಿ ಅದನ್ನು ಬೇರ್ಪಡಿಸಿ ಅದರ ರಚನೆ ಬಿಡಿಸಿದ್ದು ಹೆಸರುಕಾಳಿನ ಮೊಳಕೆಯಿಂದಲೇ. ನಾವು ಕೋಸಂಬರಿಗೆ ನೆನೆಹಾಕುವ ಕಾಳಿನಿಂದ. ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಊರಿನವರೊಬ್ಬರು ಪುಸ್ತಕದಲ್ಲಿ ಸಿಕ್ಕ ಹಾಗಾಗಿತ್ತು.

ಇನ್ನೆರಡು ಕಾವಲುಗಳನ್ನು ಬೇಗ ಹೇಳಿಬಿಡುತ್ತೇನೆ. ಸಡಿಲ ಕಬ್ಬಿಣವನ್ನು ಫೆರಿಟಿನ್ ಎಂಬ ಟೊಳ್ಳು ಚೆಂಡಿನಂಥ ಪ್ರೋಟೀನು ತನ್ನೊಳಗೆ ತುಂಬಿಸಿಕೊಳ್ಳುತ್ತದೆ. ಒಂದು ಚೆಂಡಿನಲ್ಲಿ ಸುಮಾರು 4,500 ಕಬ್ಬಿಣದ ಪರಮಾಣು ಹಿಡಿಯುತ್ತವೆ. ಕಂದಾದ ಲೆಗ್‌ಹಿಮೋಗ್ಲೋಬಿನ್ನಿಗೆ ಎಲೆಕ್ಟ್ರಾನ್ ಮರಳಿ ಕೊಟ್ಟು ಕೆಂಪು ಮಾಡುವ ಕಿಣ್ವವೂ ಇದೆ. ಅದಕ್ಕೂ ಖರ್ಚು ಸಕ್ಕರೆಯದೇ. ಗಂಟಿನ ಹೊರಪದರಗಳಲ್ಲಿ, ಆ ನೀರಿನ ಗೋಡೆ ಇದೆಯಲ್ಲ ಅಲ್ಲೇ, ಈ ಕಿಣ್ವಗಳಲ್ಲಿ ಹಲವು ಒತ್ತಾಗಿ ಇರುತ್ತವೆ. ಆಮ್ಲಜನಕ ಒಳಗೆ ಬರುವ ಬಾಗಿಲಲ್ಲೇ ಕಾವಲು.

ಬ್ಯಾಕ್ಟೀರಿಯಾವೂ ಗಿಡವೇ ನೋಡಿಕೊಳ್ಳಲಿ ಎಂದು ಸುಮ್ನೆ ಕೂರುವುದಿಲ್ಲ. ಅದಕ್ಕೆ ತನ್ನದೇ ಕೆಟಲೇಸ್‌ಗಳಿವೆ. ಕುದುರೆಮಸಾಲೆ ಸೊಪ್ಪಿನ ಬೇರಿನಲ್ಲಿರುವ ರೈಜೋಬಿಯಂನಲ್ಲಿ ಮೂರು ಬಗೆಯ ಕೆಟಲೇಸ್ ಇವೆ. ಎರಡನ್ನು ತೆಗೆದುಹಾಕಿ ನೋಡಿದಾಗ ಅದು ಬೇರಿನೊಳಗೆ ಸರಿಯಾಗಿ ನೆಲೆಯೂರಲಾಗಲಿಲ್ಲ.

ಹಾಗೆಂದು ಪೆರಾಕ್ಸೈಡ್ ಬರೀ ಶತ್ರು ಎಂದುಕೊಳ್ಳಬೇಡಿ. ಬ್ಯಾಕ್ಟೀರಿಯಾ ಬೇರುಗೂದಲಿನ ಮೂಲಕ ಒಳಗೆ ಬರುವಾಗ ಸುತ್ತಲ ಗೋಡೆಯನ್ನು ಗಟ್ಟಿ ಮಾಡಲು ಗಿಡ ಸ್ವಲ್ಪ ಪೆರಾಕ್ಸೈಡನ್ನು ತಾನೇ ಬಳಸುತ್ತದೆ. ಗಿಡ ಮತ್ತು ಬ್ಯಾಕ್ಟೀರಿಯಾದ ನಡುವಿನ ಮಾತುಕತೆಗೂ ಅದು ಬೇಕು. ಶೇಂಗಾದ ದಾರಿಯೇ ಬೇರೆ. ಅದರಲ್ಲಿ ಬ್ಯಾಕ್ಟೀರಿಯಾ ಬರುವುದು ಬೇರುಗೂದಲಿನಿಂದಲ್ಲ, ಪಕ್ಕದ ಬೇರು ಒಡೆದು ಬರುವ ಸೀಳಿನಿಂದ. ಶೇಂಗಾದ ಗಂಟಿನಲ್ಲಿ ಎಣ್ಣೆಯ ಹನಿಗಳೂ ಇರುತ್ತವೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಈಗ ನಿಮ್ಮ ತಗ್ಗಿಗೆ ಬರೋಣ.

ಎರಿ ಮಣ್ಣು ನೀರು ಹಿಡಿದರೆ ಬೇಗ ಬಿಡುವುದಿಲ್ಲ. ನಾಲ್ಕು ದಿನ ನೀರು ನಿಂತರೆ ಮಣ್ಣಿನ ಸಂದಿಗಳಲ್ಲಿದ್ದ ಗಾಳಿಯೆಲ್ಲ ಹೊರಟುಹೋಗುತ್ತದೆ. ಗಂಟಿಗೆ ಉಸಿರಿಲ್ಲ. ಉಸಿರಿಲ್ಲದಿದ್ದರೆ ಎಟಿಪಿ ಇಲ್ಲ, ಸಾರಜನಕ ಹಿಡಿಯುವುದು ನಿಲ್ಲುತ್ತದೆ. ಎಲೆ ಹಳದಿಯಾದದ್ದು ಬಹುಶಃ ಇದರಿಂದ. ಮೋಡ ಮುಚ್ಚಿದ ದಿನಗಳಾದರೆ ಎಲೆಯಲ್ಲಿ ಸಕ್ಕರೆಯೂ ಕಡಿಮೆ. ಕಾವಲಿನ ಎನ್‌ಎಡಿಪಿಎಚ್ ಬತ್ತುತ್ತದೆ. ಆಮೇಲೆ ನೀರು ಇಳಿಯಿತು. ಗಾಳಿ ಒಮ್ಮೆಗೇ ಒಳಗೆ ಬಂತು. ನಾವು ಒಳ್ಳೆಯದಾಯಿತು ಅಂದುಕೊಳ್ಳುತ್ತೇವೆ. ಗಂಟಿಗೆ ಅದೇ ಕಷ್ಟದ ಹೊತ್ತು. ಕಾವಲು ಸೊರಗಿದೆ, ಆಮ್ಲಜನಕ ನುಗ್ಗುತ್ತಿದೆ. ಪೆರಾಕ್ಸೈಡ್ ಒಮ್ಮೆಲೇ ಏರುತ್ತದೆ. ಆದರೂ ಗಿಡಕ್ಕೆ ಬಿಸಿಲು ಸಿಕ್ಕಿ ಸಕ್ಕರೆ ಮತ್ತೆ ಇಳಿಯತೊಡಗಿದರೆ ಎಷ್ಟೋ ಗಂಟು ಚೇತರಿಸಿಕೊಳ್ಳುತ್ತವೆ. ಹೊಸವೂ ಬರುತ್ತವೆ.

ನಿಮ್ಮಲ್ಲಿ ಆ ಅವಕಾಶ ತಪ್ಪಿಸಿದ್ದು ಯೂರಿಯಾ. ಇದನ್ನು ಹೇಳಲು ನನಗೆ ಬೇಸರ. ನಿಮ್ಮ ತಂದೆಯವರು ಹಳದಿ ಎಲೆ ನೋಡಿ ಸಂಕಟಪಟ್ಟು ಹಾಕಿದ್ದು. ಯಾರಾದರೂ ಹಾಗೇ ಮಾಡುತ್ತಾರೆ. 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಇದೆ. ಹಸಿ ಮಣ್ಣಿನಲ್ಲಿ ಅದು ಕೆಲವೇ ದಿನಗಳಲ್ಲಿ ಅಮೋನಿಯಂ, ಆಮೇಲೆ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ಬೇರಿಗೆ ಸಿಕ್ಕಿತೆಂದರೆ ಗಿಡ ಲೆಕ್ಕ ಬದಲಾಯಿಸುತ್ತದೆ. ಗಂಟು ಸಾಕುವುದು ದುಬಾರಿ. ಗಂಟಿನಲ್ಲಿ ಒಂದು ಗ್ರಾಂ ಸಾರಜನಕ ಹಿಡಿಯಲು ಸುಮಾರು 6 ಗ್ರಾಂ ಇಂಗಾಲದಷ್ಟು ಸಕ್ಕರೆ ಬೇಕಾಗುತ್ತದೆ. ಸಾರಜನಕ ಹೊರಗೇ ಸಿಗುವಾಗ ಅಷ್ಟು ಖರ್ಚು ಯಾಕೆ? ಗಿಡ ಗಂಟಿಗೆ ಕಳಿಸುವ ಸಕ್ಕರೆ ಕಡಿಮೆ ಮಾಡುತ್ತದೆ. ನೀರಿನ ಗೋಡೆ ಬಿಗಿಯಾಗುತ್ತದೆ. ವಿಟಮಿನ್ ಸಿ ಇಳಿಯುತ್ತದೆ, ಹೋಮೋಗ್ಲುಟಾಥಯೋನ್ ಇಳಿಯುತ್ತದೆ, ಸಡಿಲ ಕಬ್ಬಿಣ ಏರುತ್ತದೆ. ಹುರುಳಿಕಾಯಿ ಗಿಡಗಳನ್ನು ಕೆಲವೇ ದಿನ ಕತ್ತಲಲ್ಲಿ ಇಟ್ಟರೂ ಗಂಟಿನಲ್ಲಿ ಕಾಣುವುದು ಇದೇ. ನೈಟ್ರೇಟ್ ಕೊಟ್ಟರೂ ಇದೇ. ಎರಡರಲ್ಲೂ ಗಂಟಿನ ಊಟ ನಿಂತಿದೆ.

ಆಗ ಹೀಮ್ ಒಡೆಯುತ್ತದೆ. ಹೀಮ್ ಒಂದು ಬಳೆಯ ಹಾಗೆ. ಬಳೆ ಒಡೆದು ತೆರೆದುಕೊಂಡಾಗ ಕೆಂಪು ಹೋಗಿ ಹಸಿರು ಬರುತ್ತದೆ. ಮೈಗೆ ಪೆಟ್ಟು ಬಿದ್ದ ಜಾಗ ಮೊದಲು ಕೆಂಪಾಗಿ, ನೀಲಿಗಟ್ಟಿ, ಕೆಲವು ದಿನದ ಮೇಲೆ ಹಸಿರಾಗುತ್ತದಲ್ಲ? ಅದೂ ಹೀಮ್ ಒಡೆದ ಬಣ್ಣವೇ. ನಿಮ್ಮ ತಗ್ಗಿನ ಗಂಟಿನಲ್ಲಿ ಕಂಡ ಹಸಿರು ಆ ಜಾತಿಯದು, ಎಲೆಯ ಹಸಿರಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಹಸಿರಾದ ಗಂಟು ಸತ್ತಿತೇ? ಹೆಸರಿನಲ್ಲಾದರೆ ಹೌದು ಎನ್ನಬೇಕು. ಪೂರ್ತಿ ಹಸಿರಾದ ಗಂಟು ಮತ್ತೆ ಕೆಂಪಾಗುವುದಿಲ್ಲ. ಆದರೆ ನೋಡಿದ ದಿನ ಮುಖ್ಯ. ಹೆಸರು 60-75 ದಿನದ ಬೆಳೆ. ಗಂಟು ಎರಡು ಮೂರು ವಾರಕ್ಕೆ ಕಾಣಿಸಿಕೊಂಡು, ಹೂ ಬಿಡುವ ಹೊತ್ತಿಗೆ ಚೆನ್ನಾಗಿ ಕೆಂಪಾಗಿ, ಕಾಯಿ ತುಂಬುವಾಗ ಹಸಿರಾಗತೊಡಗುತ್ತದೆ. ಸಕ್ಕರೆಯೆಲ್ಲ ಕಾಳಿಗೆ ಹೋಗುತ್ತದೆ, ಗಂಟಿನ ವಯಸ್ಸು ಮುಗಿಯುತ್ತದೆ. ಅದು ರೋಗವಲ್ಲ. ನೀವು ನೋಡಿದ್ದು ಹೂವಿನ ಹೊತ್ತಿನಲ್ಲಿ, ಒಂದೇ ಹೊಲದ ದಿಬ್ಬದಲ್ಲಿ ಕೆಂಪಿದ್ದಾಗ. ಹಾಗಾಗಿ ಇದು ವಯಸ್ಸಾಗದೇ ಬಂದ ಸಾವು. ಕಂದು ಗಂಟುಗಳು ಇನ್ನೂ ಮುಂದೆ ಹೋಗಿ ಕೊಳೆಯತೊಡಗಿದ್ದವು ಇರಬೇಕು.

ಕಡಲೆಗೆ ಈ ಲೆಕ್ಕ ಹಾಕಬೇಡಿ. ಹೆಸರಿನ ಗಂಟು ದುಂಡಗೆ, ಒಳಗೆಲ್ಲ ಒಂದೇ ವಯಸ್ಸು. ಕಡಲೆಯ ಗಂಟು ತುದಿಯಲ್ಲಿ ಬೆಳೆಯುತ್ತಾ ಹೋಗುತ್ತದೆ, ಕವಲೊಡೆದು ಬೆರಳುಗಳ ಹಾಗಾಗುತ್ತದೆ. ತುದಿಯ ಕಡೆ ಎಳೆಯದು, ಬುಡದ ಕಡೆ ಹಳೆಯದು. ಉದ್ದಕ್ಕೆ ಸೀಳಿದರೆ ತುದಿಯ ಕಡೆ ಕೆಂಪು, ಬುಡದಲ್ಲಿ ಹಸಿರು ಒಂದೇ ಗಂಟಿನಲ್ಲಿ ಕಾಣುತ್ತವೆ. ಅದು ಆರೋಗ್ಯದ ಗುರುತೇ. ಅಣ್ಣಿಗೇರಿ, ನವಲಗುಂದದ ಕಡೆಯ ಎಷ್ಟೋ ರೈತರು ಬುಡದ ಹಸಿರು ನೋಡಿ ಹೆದರಿದ್ದನ್ನು ನಾನು ಕಂಡಿದ್ದೇನೆ.

ಮುಂದಿನ ಸಲಕ್ಕೆ ಏನು ಮಾಡಬೇಕೆಂದರೆ, ಎಲ್ಲಕ್ಕಿಂತ ಮೊದಲು ತಗ್ಗಿನ ನೀರಿಗೆ ದಾರಿ ಮಾಡಿ. ಬಿತ್ತುವ ಮೊದಲೇ ಇಳಿಜಾರಿನ ಕಡೆಗೆ ಒಂದು ಕಾಲುವೆ ಎಳೆದುಬಿಡಿ. ಎಂಟು ಹತ್ತು ಸಾಲಿಗೊಮ್ಮೆ ರಂಟೆಯಿಂದ ಹರಿ ತೆಗೆದರೂ ನೀರು ಬೇಗ ಇಳಿಯುತ್ತದೆ. ಮಳೆ ನಿಂತು ಹದ ಬಂದ ಕೂಡಲೇ ಎಡೆ ಹೊಡೆಯಿರಿ. ಕಸ ಹೋಗುತ್ತದೆ ಎಂದು ನಾವು ಎಡೆ ಹೊಡೆಯುತ್ತೇವೆ. ಮೇಲಿನ ಹೆಪ್ಪು ಒಡೆದು ಗಂಟಿಗೆ ಗಾಳಿ ಹೋಗುವುದು ಅಷ್ಟೇ ದೊಡ್ಡ ಲಾಭ. ಹಸಿ ಇದ್ದಾಗ ಮಾತ್ರ ಇಳಿಯಬೇಡಿ, ಎರಿ ಮಣ್ಣು ಹೆಂಟೆಗಟ್ಟುತ್ತದೆ.

ಬಿತ್ತುವಾಗ ಡಿಎಪಿ ಹಾಕುತ್ತೀರಲ್ಲ, 50 ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ ಬಂದೇ ಬರುತ್ತದೆ. ಗಂಟು ಹುಟ್ಟುವ ತನಕ ಸಸಿಗೆ ಅಷ್ಟು ಸಾಕು. ಅದರ ರಂಜಕ ಗಂಟಿಗೆ ಬಹಳ ಬೇಕಾದದ್ದು, ಎಟಿಪಿಯಲ್ಲಿರುವುದೇ ರಂಜಕ. ಆಮೇಲೆ ನಡುವೆ ಯೂರಿಯಾ ಎರಚುವುದು ಬೇಡ. ನೀರು ನಿಂತು ಹಳದಿಯಾದರೆ ಮೊದಲು ನೀರು ಬಿಡಿ, ನಾಲ್ಕೈದು ದಿನ ಬಿಸಿಲಿಗೆ ಕಾಯಿರಿ, ಗಂಟು ಸೀಳಿ ನೋಡಿ. ಒಳಗೆ ಕೆಂಪು ಉಳಿದಿದ್ದರೆ ಗಿಡ ತಾನೇ ಎದ್ದುಕೊಳ್ಳುತ್ತದೆ. ಇನ್ನೊಂದು ಮಾತು. ಎಲೆಯಲ್ಲಿ ಹಳದಿ ಮತ್ತು ಹಸಿರು ತೇಪೆ ಹಾಕಿದ ಹಾಗೆ ಹೊಳೆಯುತ್ತಿದ್ದರೆ ಅದು ಬೇರಿನ ಸಮಸ್ಯೆ ಅಲ್ಲ. ಬಿಳಿನೊಣ ಹರಡುವ ಹಳದಿ ನಂಜು ರೋಗ. ಅದಕ್ಕೆ ಯೂರಿಯಾ ಏನೂ ಮಾಡುವುದಿಲ್ಲ.

ರೈಜೋಬಿಯಂ ಪಾಕೀಟು ತಪ್ಪದೆ ಬಳಸಿ. ಬೆಳೆಗೆ ತಕ್ಕದ್ದೇ ಇರಲಿ. ಕಡಲೆಯದು ಹೆಸರಿಗೆ ನಡೆಯುವುದಿಲ್ಲ. ಬೆಲ್ಲದ ಪಾಕ ಪೂರ್ತಿ ತಣ್ಣಗಾದ ಮೇಲೆ ಬೀಜಕ್ಕೆ ಸವರಿ, ಪುಡಿ ಹಚ್ಚಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಪಾಕೀಟಿನ ಮೇಲಿನ ಕೊನೆಯ ದಿನಾಂಕ ನೋಡಿ. ಬಿಸಿಲಿಗೆ ಬಿದ್ದಿದ್ದ ಪಾಕೀಟಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಎಷ್ಟು ಉಳಿದಿರುತ್ತದೆ ಹೇಳಿ? ಒಂದು ವರ್ಷ ನಾನು ಒಂದು ಅಂಗಡಿಯಿಂದ ತಂದ ಪಾಕೀಟು ಕಿಟಕಿಯ ಬಿಸಿಲಲ್ಲೇ ಇತ್ತು. ಆ ಸಾಲಿನ ಗಿಡಗಳಲ್ಲಿ ಹಚ್ಚದ ಸಾಲಿಗಿಂತ ಒಂದು ಗಂಟೂ ಹೆಚ್ಚು ಬರಲಿಲ್ಲ.

ನೀವು ಬಿ.ಎಸ್ಸಿ. ಓದುತ್ತಿರುವುದರಿಂದ ಒಂದು ಯೋಚನೆ ಬಂದೇ ಬರುತ್ತದೆ. ಕಾವಲಿಗೆ ವಿಟಮಿನ್ ಸಿ ಬೇಕಾದರೆ ಅದನ್ನೇ ಸಿಂಪಡಿಸಿದರೆ ಹೇಗೆ? ಕೆಟ್ಟ ಯೋಚನೆ ಅಲ್ಲ. ಸೋಯಾ ಗಿಡದ ಕಾಂಡದೊಳಗೆ ಆಸ್ಕಾರ್ಬೇಟ್ ಇಳಿಸಿದಾಗ ಗಂಟಿನ ಕೆಲಸ ಹೆಚ್ಚಾಗಿದ್ದನ್ನು ಪ್ರಯೋಗದಲ್ಲಿ ನೋಡಿದ್ದಾರೆ. ಆದರೆ ಅದು ಪ್ರಯೋಗಾಲಯದ ಕುಂಡ, ಒಂದೊಂದೇ ಗಿಡ. ಹೊಲದಲ್ಲಿ ಎಲೆಗೆ ಸಿಂಪಡಿಸಿದ್ದು ಗಂಟಿನ ತನಕ ಇಳಿಯಬೇಕಲ್ಲ? ಹಾಗಾಗಿ ಆ ಹೆಸರು ಹೇಳಿ ಮಾರುವ ಟಾನಿಕ್‌ಗೆ ದುಡ್ಡು ಹಾಕಬೇಡಿ. ಎಲೆಗೆ ಬಿಸಿಲು, ಬೇರಿಗೆ ಗಾಳಿ ಸಿಕ್ಕರೆ ಗಿಡ ತನಗೆ ಬೇಕಾದ ವಿಟಮಿನ್ ಸಿ ತಾನೇ ಮಾಡಿಕೊಳ್ಳುತ್ತದೆ.

ಹಿಂಗಾರಿಗೆ ಅದೇ ಹೊಲದಲ್ಲಿ ಕಡಲೆ ಬಿತ್ತುತ್ತೀರಿ ಎಂದುಕೊಂಡಿದ್ದೇನೆ. ಆಗ ಕಷ್ಟ ಉಲ್ಟಾ. ನೀರು ನಿಲ್ಲುವುದಿಲ್ಲ, ಹಸಿ ಆರುತ್ತಾ ಹೋಗುತ್ತದೆ. ಗಂಟಿಗೆ ಬರಗಾಲವೂ ಅದೇ ಹೊಡೆತ ಕೊಡುತ್ತದೆ: ಸಕ್ಕರೆ ಬಳಕೆ ನಿಲ್ಲುತ್ತದೆ, ಕಾವಲು ಸೊರಗುತ್ತದೆ. ಬಿತ್ತಿ ಮೂವತ್ತೈದು ನಲವತ್ತು ದಿನಕ್ಕೆ ದಿಬ್ಬದಿಂದ ಐದು, ತಗ್ಗಿನಿಂದ ಐದು ಗಿಡ ತೆಗೆಯಿರಿ. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ. ಗುದ್ದಲಿಯಿಂದ ಒಂದು ಗೇಣು ಆಳ ಅಗೆದು, ಮಣ್ಣಿನ ಗಡ್ಡೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಸಿ ಬಿಡಿಸಿ. ಗಂಟನ್ನು ಉದ್ದಕ್ಕೆ ಸೀಳಿ, ಸೀಳಿದ ಕೂಡಲೇ ಬಣ್ಣ ಬರೆದುಕೊಳ್ಳಿ, ಊಟಕ್ಕೆ ಎದ್ದು ಹೋಗಬೇಡಿ. ತುದಿಯಿಂದ ಕೆಂಪು ಎಷ್ಟು ಉದ್ದ ಇದೆ, ಬುಡದಿಂದ ಹಸಿರು ಎಷ್ಟು ಮೇಲೆ ಬಂದಿದೆ, ಎರಡನ್ನೂ ಅಳೆಯಿರಿ. ತಗ್ಗಿನಲ್ಲಿ ಹಸಿ ಜಾಸ್ತಿ ದಿನ ಉಳಿಯುವುದರಿಂದ ಈ ಸಲ ಅಲ್ಲೇ ಕೆಂಪು ಉದ್ದ ಬರಬೇಕು ಎಂಬುದು ನನ್ನ ಲೆಕ್ಕ. ಬಂತೋ ಇಲ್ಲವೋ ಬರೆದು ತಿಳಿಸಿ.